ರಿಮೋಟ್ ಹಾಯಿದೋಣಿ ರೇಸಿಗೆ ಮನೆಯಲ್ಲೇ ತೇಲುಗುರುತು: ಬಾಟಲಿ, ಪಿವಿಸಿ ಪೈಪು, ಫೋಮ್ – ಯಾವುದು ಎಲ್ಲಿಗೆ?

ರಿಮೋಟಿನ ಹಾಯಿದೋಣಿಗಳಿಗೆ ಕೆರೆಯಲ್ಲಿ ರೇಸ್ ಇಡಬೇಕೆಂದರೆ ನಾಲ್ಕು ತೇಲುಗುರುತಾದರೂ ಬೇಕು. ಆರಂಭದ ಗೆರೆಯ ಎರಡು ತುದಿಗೆ ಎರಡು, ಗಾಳಿ ಬೀಸಿ ಬರುವ ಕಡೆಗೆ ಒಂದು, ಗಾಳಿ ಹೋಗುವ ಕಡೆಗೆ ಒಂದು. ತೇಲುವುದು ಯಾವುದಾದರೂ ಆದೀತು ಎಂದು ಹೊರಟರೆ ಮೊದಲ ರೇಸಿನಲ್ಲೇ ದೋಣಿಯೊಂದು ಹಗ್ಗಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಇಲ್ಲಿ ಹೋಲಿಸಿರುವ ಮೂರೂ ಬಗೆಯವು ತೇಲುವುದೇನೋ ಚೆನ್ನಾಗಿಯೇ ತೇಲುತ್ತವೆ. ಒಳ್ಳೆಯದು, ಕೆಟ್ಟದ್ದು ಎಂಬುದು ತೀರ್ಮಾನವಾಗುವುದು ನೀರಿನ ಕೆಳಗಿನ ಮೊದಲ ಅರ್ಧ ಮೀಟರಿನಲ್ಲಿ.

ಕಾರಣ ಕೀಲ್, ಅಂದರೆ ದೋಣಿಯ ತಳದಿಂದ ನೀರಿನೊಳಗೆ ಇಳಿದಿರುವ ರೆಕ್ಕೆಯಂಥ ಹಲಗೆ. ಇಂಟರ್‌ನ್ಯಾಷನಲ್ ಒನ್ ಮೀಟರ್ (ಐಒಎಂ) ವರ್ಗದ ದೋಣಿ ನೀರಿನೊಳಗೆ 420 ಮಿ.ಮೀ. ವರೆಗೆ ಇಳಿಯಬಹುದು, ತೂಕ ಕನಿಷ್ಠ 4 ಕೆ.ಜಿ. ತೆಳ್ಳನೆಯ ಕೀಲ್, ಅದರ ತುದಿಗೆ ಅಡ್ಡಲಾಗಿ ಸೀಸದ ಗುಂಡು. ಇವೆರಡೂ ಕೂಡುವ ಮೂಲೆಯೇ ಒಂದು ಕೊಕ್ಕೆ. ಗುರುತಿನ ಹಗ್ಗ ಸಡಿಲವಾಗಿ ಬಾಗಿ ನಿಂತಿದ್ದರೆ ಆ ಕೊಕ್ಕೆಗೆ ಬೀಳುತ್ತದೆ, ಅಲ್ಲಿಂದ ಜಾರಿದರೆ ಚುಕ್ಕಾಣಿಗೆ ಬೀಳುತ್ತದೆ. ಸೇಲಿಂಗ್ ನಿಯಮದ ಪ್ರಕಾರ ಮಾರ್ಕ್ (ಅಂದರೆ ಈ ತೇಲುಗುರುತು) ಮುಟ್ಟಿದವರು ಒಂದು ಸುತ್ತು ಹಾಕಿ ದಂಡ ತೀರಿಸಬೇಕು. ಲಂಗರಿನ ಹಗ್ಗ ಮಾರ್ಕಿನ ಭಾಗವಲ್ಲ, ಹಾಗಾಗಿ ಹಗ್ಗ ತಾಗಿದ್ದಕ್ಕೆ ದಂಡವಿಲ್ಲ. ಆದರೆ ಸಿಕ್ಕಿಕೊಂಡ ದೋಣಿ ಇಡೀ ಮಾರ್ಕನ್ನೇ ಎಳೆದುಕೊಂಡು ಹೋದರೆ ಉಳಿದವರ ರೇಸೂ ಕೆಡುತ್ತದೆ.

2 ಲೀಟರ್ ಕೂಲ್‌ಡ್ರಿಂಕ್ ಬಾಟಲಿ

ಖರ್ಚಿಲ್ಲದ ದಾರಿ ಇದು. ಬಾಟಲಿಯನ್ನು ತಲೆಕೆಳಗಾಗಿ, ಅಂದರೆ ಕತ್ತು ನೀರಿನೊಳಗೆ ಇರುವಂತೆ ನಿಲ್ಲಿಸಬೇಕು. ಒಳಗೆ ಭಾರವಿಲ್ಲದಿದ್ದರೆ ಅದು ಅಡ್ಡ ಮಲಗಿ ಗಾಳಿಗೆ ಉರುಳುತ್ತದೆ. ಕತ್ತಿನ ಕಡೆಗೆ ಸುಮಾರು 300 ಗ್ರಾಂ ಸಿಮೆಂಟ್ ಗಾರೆ ಸುರಿದು, ಮುಚ್ಚಳ ಹಾಕಿ, ತಲೆಕೆಳಗಾಗಿಯೇ ಎರಡು ದಿನ ಗಟ್ಟಿಯಾಗಲು ಬಿಡಿ. ಬರೀ ಮರಳು ಹಾಕಿದರೆ ಸಾಗಿಸುವಾಗ ಆ ಕಡೆ ಈ ಕಡೆ ಹರಿದಾಡಿ, ನೀರಿಗೆ ಬಿಟ್ಟಾಗ ಬಾಟಲಿ ಓರೆಯಾಗಿ ನಿಲ್ಲುತ್ತದೆ. ಇಷ್ಟು ಭಾರಕ್ಕೆ ಸುಮಾರು 20 ಸೆಂ.ಮೀ. ನೀರಿನ ಮೇಲೆ ಕಾಣುತ್ತದೆ.

ಬಣ್ಣವನ್ನು ಹೊರಗೆ ಬಳಿಯಬೇಡಿ. ಪೆಟ್ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದಿಲ್ಲ, ಒಂದೆರಡು ಬಾರಿ ಉಜ್ಜಿದರೆ ಹಾಳೆಯಂತೆ ಏಳುತ್ತದೆ. ಗಾರೆ ಹಾಕುವ ಮೊದಲೇ 50–60 ಮಿ.ಲೀ. ಕಿತ್ತಳೆ ಎಮಲ್ಷನ್ ಒಳಗೆ ಸುರಿದು, ಬಾಟಲಿಯನ್ನು ಎಲ್ಲ ಕಡೆಗೂ ತಿರುಗಿಸಿ, ಉಳಿದದ್ದನ್ನು ಬಸಿದು, ಮುಚ್ಚಳ ತೆಗೆದಿಟ್ಟು ಎರಡು ಮೂರು ದಿನ ಒಣಗಿಸಿ. ಒಳಗಿನ ಬಣ್ಣಕ್ಕೆ ದೋಣಿಯೂ ತಾಗದು, ನೀರೂ ತಾಗದು.

ಮುಚ್ಚಳಕ್ಕೆ ತೂತು ಕೊರೆದು ಕೊಂಡಿ ಹಾಕುವ ಯೋಚನೆ ಬೇಡ, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಮುಚ್ಚಳದ ಹಿಂದೆ ಕತ್ತಿನ ಸುತ್ತ ಇರುವ ಉಂಗುರದ ಹಿಂಬದಿಗೆ ಹಗ್ಗ ಬಿಗಿದರೆ ಅದು ಜಾರುವುದಿಲ್ಲ. ಮುಚ್ಚಳವನ್ನು ಕೊನೆಯ ಸಲ ನೆರಳಿನಲ್ಲೇ ಬಿಗಿಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿದ ಬಾಟಲಿ ತಣ್ಣಗಿನ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಮೈ ತಗ್ಗುತ್ತದೆ.

ಬಾಟಲಿಯ ನಿಜವಾದ ದೋಷ ಬೇರೆಯೇ. ಅದರ ಕತ್ತು ಇಳಿಯುವುದು ನೀರಿನ ಮಟ್ಟದಿಂದ ಹತ್ತು ಹನ್ನೆರಡು ಸೆಂ.ಮೀ. ಅಷ್ಟೇ. ಅಲ್ಲಿಂದ ಕೀಲಿನ ಆಳದವರೆಗೆ ಬರೀ ಹಗ್ಗ, ಸುಮಾರು 30 ಸೆಂ.ಮೀ. ಅದನ್ನು ಮರೆಮಾಡಲು 20 ಮಿ.ಮೀ. ವೈರಿಂಗ್ ಪೈಪನ್ನು 45 ಸೆಂ.ಮೀ. ಕತ್ತರಿಸಿ ಹಗ್ಗಕ್ಕೆ ತೋಳಿನಂತೆ ತೊಡಿಸಿ, ಅದು ಕೆಳಗೆ ಜಾರದಂತೆ ಪೈಪಿನ ತಳದಲ್ಲಿ ಹಗ್ಗಕ್ಕೆ ದಪ್ಪನೆ ಗಂಟು ಹಾಕಿ. ಇದಿಲ್ಲದ ಬಾಟಲಿ ರೇಸಿಗೆ ಬೇಡವೇ ಬೇಡ. ಸುಮ್ಮನೆ ಅಭ್ಯಾಸಕ್ಕೆ ಸಾಕು.

ಐದು ಲೀಟರ್ ಎಣ್ಣೆ ಕ್ಯಾನ್ ದೂರಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ಅದರ ಹಿಡಿಕೆ ದೋಣಿಯ ತಂತಿಗಳಿಗೆ ಸಿಕ್ಕಿಕೊಳ್ಳುತ್ತದೆ. ಥರ್ಮೊಕೋಲ್ ಚೆಂಡನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ: ಸ್ಪ್ರೇ ಪೇಂಟ್ ತಾಗಿದರೆ ಕರಗುತ್ತದೆ, ಒಡೆದರೆ ಕಾಳುಕಾಳಾಗಿ ಕೆರೆಯ ತುಂಬ ಹರಡುತ್ತದೆ.

110 ಮಿ.ಮೀ. ಪಿವಿಸಿ ಪೈಪು

40 ಸೆಂ.ಮೀ. ತುಂಡು, ಎರಡು ಎಂಡ್ ಕ್ಯಾಪ್, ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟು). ಪ್ರತಿ ಸೆಂಟಿಮೀಟರ್ ಮುಳುಗಿದಾಗ ಸುಮಾರು 95 ಗ್ರಾಂ ಹೊರುತ್ತದೆ, ಹಾಗಾಗಿ ಒಂದು ಕೆ.ಜಿ.ಗಿಂತ ಹೆಚ್ಚು ಭಾರವನ್ನು ತಳದಲ್ಲಿ ಕೂರಿಸದೆ ಇದು ನೆಟ್ಟಗೆ ನಿಲ್ಲುವುದಿಲ್ಲ. ಎರಡನೇ ಕ್ಯಾಪ್ ಒತ್ತುವಾಗ ಒಳಗಿನ ಗಾಳಿ ಹೋಗಲು ದಾರಿಯಿಲ್ಲದೆ, ಸಿಮೆಂಟ್ ಹಸಿಯಿರುವಾಗಲೇ ಕ್ಯಾಪನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ. ನೋಡಲು ಕೂತಂತೆ ಇದ್ದರೂ ಅಂಟು ಅರ್ಧಕ್ಕೇ ಹಿಡಿದಿರುತ್ತದೆ. ಮೇಲಿನ ಕ್ಯಾಪಿಗೆ ಮೊದಲೇ 1.5 ಮಿ.ಮೀ. ತೂತು ಕೊರೆದು, ಮರುದಿನ ಎಂ-ಸೀಲ್‌ನಿಂದ ಮುಚ್ಚಿದರೆ ಈ ತೊಂದರೆ ಇಲ್ಲ.

ಸೋರಿದರೂ ಮುಳುಗಬಾರದೆಂದು ಒಳಗೆ ಪಿಯು ಫೋಮ್ ಸ್ಪ್ರೇ ತುಂಬುವವರಿದ್ದಾರೆ. ಡಬ್ಬಿಯಲ್ಲಿ ಬರುವ ಆ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಮುಚ್ಚಿದ ಪೈಪಿನ ನಡುವೆ ತೇವ ತಲುಪದೆ ಅದು ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಅದರ ಬದಲು ಮುಚ್ಚಳ ಬಿಗಿದ ಒಂದು ಲೀಟರ್ ನೀರಿನ ಖಾಲಿ ಬಾಟಲಿಯನ್ನು ಒಳಗೆ ಇಡಿ, ಸಲೀಸಾಗಿ ಹೋಗುತ್ತದೆ.

ಪೈಪಿನ ಗುಣ ಸ್ಥಿರತೆ. ಗಾಳಿ ಜೋರಾದರೂ ನೆಟ್ಟಗಿರುತ್ತದೆ, ಮೇಲೊಂದು ಬಾವುಟವನ್ನೋ ನಂಬರ್ ಫಲಕವನ್ನೋ ಹೊರುತ್ತದೆ. ಅದರ ದೋಷ ಗಡಸುತನ. ಐಒಎಂ ದೋಣಿಯ ಮೂತಿಯ 10 ಮಿ.ಮೀ. ರಬ್ಬರಿನಂಥ ಮೃದು ವಸ್ತುವಿನದೇ ಆಗಿರಬೇಕೆಂದು ನಿಯಮವಿದೆ, ಆದರೆ ಡಿಕ್ಕಿಯೆಲ್ಲ ಮೂತಿಯಿಂದಲೇ ಆಗುವುದಿಲ್ಲವಲ್ಲ. ಪಕ್ಕೆ ಉಜ್ಜಿಕೊಂಡು ಹೋದರೆ ಗೀರು ಬೀಳುವುದು ಖಂಡಿತ. ಹೊರಗೆ 10 ಮಿ.ಮೀ. ಫೋಮ್ ಹಾಳೆ ಸುತ್ತಲೇಬೇಕು.

ಫೋಮ್ ಕೋಲು

ಈಜುಕೊಳದಲ್ಲಿ ಮಕ್ಕಳು ಹಿಡಿದುಕೊಳ್ಳುವ ಉದ್ದನೆಯ ಫೋಮ್ ಕೋಲು, ಪೂಲ್ ನೂಡಲ್, ಸುಮಾರು 65 ಮಿ.ಮೀ. ದಪ್ಪ, ನಡುವೆ ತೂತು. ರೇಸಿನ ತಿರುವಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮೆತ್ತಗಿದೆ, ಕಣಕಣವೂ ಮುಚ್ಚಿರುವುದರಿಂದ ಕತ್ತರಿಸಿದರೂ ನೀರು ಕುಡಿಯುವುದಿಲ್ಲ, ತೆಳ್ಳಗೆ ಎತ್ತರವಾಗಿ ನಿಲ್ಲುವುದರಿಂದ ದಡದಲ್ಲಿ ನಿಂತವರಿಗೆ ದೋಣಿ ಗುರುತಿನ ಆಚೆಗಿದೆಯೋ ಈಚೆಗಿದೆಯೋ ಎಂಬ ಅಂದಾಜು ಸಿಗುತ್ತದೆ. ದುಂಡನೆಯ ಚೆಂಡಿನಲ್ಲಿ ಆ ಅಂದಾಜು ಕಷ್ಟ.

ಕಟ್ಟುವ ಬಗೆ: 50 ಸೆಂ.ಮೀ. ಫೋಮ್, 105 ಸೆಂ.ಮೀ. ಉದ್ದದ 20 ಮಿ.ಮೀ. ವೈರಿಂಗ್ ಪೈಪು, 45 ಸೆಂ.ಮೀ. ಉದ್ದದ 12 ಮಿ.ಮೀ. ಟಿಎಂಟಿ ಕಂಬಿ. ಪೈಪನ್ನು ಫೋಮಿನ ತೂತಿನಲ್ಲಿ ತೂರಿಸಿ, ಮೇಲೆ 5, ಕೆಳಗೆ 50 ಸೆಂ.ಮೀ. ಉಳಿಸಿ. ಫೋಮ್ ಕೆಳಗೆ ಜಾರದಂತೆ ಪೈಪಿಗೆ ಒಂದು ಕಪ್ಲರ್ ಅಂಟಿಸಿ, ಮೇಲೆ ಕೇಬಲ್ ಟೈ ಬಿಗಿಯಿರಿ. ಕಂಬಿಯನ್ನು ತಳದಿಂದ ಪೈಪಿನೊಳಗೆ ಏರಿಸಿ, ಎರಡೂ ತುದಿ ಎಂ-ಸೀಲ್‌ನಿಂದ ಮುಚ್ಚಿ. ಈ ಕಂಬಿ ಮೀಟರಿಗೆ 0.888 ಕೆ.ಜಿ. ತೂಗುವುದರಿಂದ ತಳಕ್ಕೆ ಸರಿಯಾಗಿ 400 ಗ್ರಾಂ ಭಾರ ಸಿಕ್ಕಂತಾಯಿತು. ತುದಿಯ ಹತ್ತಿರ ಪೈಪಿಗೆ ಅಡ್ಡ ತೂತು ಕೊರೆದು ನಯವಾದ ಸ್ಟೀಲ್ ರಿಂಗ್ ಕಟ್ಟಿ. ಕೀ ಗೊಂಚಲಿನ ಸುರುಳಿ ರಿಂಗ್ ಬೇಡ, ಅದರ ಸಂದಿಗೆ ಹಗ್ಗದ ಎಳೆ ಸಿಕ್ಕುತ್ತದೆ.

ಹೀಗೆ ಮಾಡಿದ್ದು ನೀರಿಗಿಟ್ಟರೆ ಫೋಮ್ ಸುಮಾರು 13 ಸೆಂ.ಮೀ. ಮುಳುಗುತ್ತದೆ, ಅಂದರೆ ರಿಂಗ್ ಇರುವುದು ನೀರಿನ ಮಟ್ಟದಿಂದ 60 ಸೆಂ.ಮೀ.ಗಿಂತ ಕೆಳಗೆ. 42 ಸೆಂ.ಮೀ. ಆಳದ ಕೀಲಿಗೆ ಹಗ್ಗವೇ ಎದುರಾಗುವುದಿಲ್ಲ. ಸಿಗುವುದು ನುಣುಪಾದ ಪೈಪು, ತಾಗಿ ಸರಿದು ಹೋಗುತ್ತದೆ. ಬಾಟಲಿಗೆ ತೋಳು ತೊಡಿಸಿ ಸಾಧಿಸಬೇಕಾದದ್ದು ಇಲ್ಲಿ ಕಟ್ಟುವಾಗಲೇ ಬಂದಿರುತ್ತದೆ.

ಎರಡು ಕೊರತೆಗಳಿವೆ. ಗಾಳಿ ಗಂಟೆಗೆ 25 ಕಿ.ಮೀ. ದಾಟಿದರೆ ಇದು ಎದ್ದು ಕಾಣುವಷ್ಟು ವಾಲುತ್ತದೆ. ಇನ್ನೊಂದು ಬಿಸಿಲು: ಪಾಲಿಎಥಿಲೀನ್ ಫೋಮ್ ಬಿಸಿಲಿಗೆ ಬಣ್ಣಗೆಟ್ಟು, ಮೇಲ್ಮೈ ಪುಡಿಪುಡಿಯಾಗಿ ಉದುರತೊಡಗುತ್ತದೆ. ಹಳೆಯ ಛತ್ರಿಯ ಬಟ್ಟೆಯಿಂದ ಚೀಲದಂತೆ ಹೊಲಿದು ತೊಡಿಸಿದರೆ ಬಾಳಿಕೆ ಹೆಚ್ಚು. ಪ್ಯಾಕಿಂಗ್ ಟೇಪ್ ಸುತ್ತುವುದು ವ್ಯರ್ಥ, ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬಣ್ಣ ಕಿತ್ತಳೆಯೇ ಇರಲಿ. ಅಂತರಗಂಗೆ ಹಬ್ಬಿದ ಕೆರೆಯ ಹಸಿರಿನ ಮುಂದೆ ಹಳದಿ, ಹಸಿರು ಎರಡೂ ಮಂಕಾಗುತ್ತವೆ. ಸಂಜೆಯ ಎದುರು ಬಿಸಿಲಿಗೆ ಮೇಲಿನ 8–10 ಸೆಂ.ಮೀ. ಕಪ್ಪು ಪಟ್ಟಿ ಇದ್ದರೆ ಚೆನ್ನ.

ಹಗ್ಗ

ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್. ನೀರಿಗಿಂತ ಹಗುರ, ಸಾಂದ್ರತೆ 0.91. ಸಡಿಲವಿದ್ದಷ್ಟೂ ಮೇಲಕ್ಕೆ ಎದ್ದು ಕೀಲಿನ ದಾರಿಗೆ ಬರುತ್ತದೆ. ನೈಲಾನ್ 1.14, ಪಾಲಿಯೆಸ್ಟರ್ 1.38, ಎರಡೂ ಮುಳುಗುತ್ತವೆ. 3–4 ಮಿ.ಮೀ. ದಪ್ಪ ಸಾಕು. ಮೀನಿನ ಗಾಳದ ದಾರ ಎಷ್ಟು ಗಟ್ಟಿಯಿದ್ದರೂ ಬೇಡ, ಕಣ್ಣಿಗೆ ಕಾಣದ ಅದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಸಡಿಲ ಬಿಟ್ಟ ಹಗ್ಗದ ಇನ್ನೊಂದು ತೊಂದರೆ ಗುರುತಿನ ಅಲೆದಾಟ. ನೀರಿನ ಮಟ್ಟದಲ್ಲೇ ಹಗ್ಗ ಕಟ್ಟಿದ ಗುರುತು, 2 ಮೀಟರ್ ಆಳಕ್ಕೆ 3 ಮೀಟರ್ ಹಗ್ಗ ಎಂದಿಟ್ಟುಕೊಳ್ಳಿ: ಅದು ಲಂಗರಿನ ಸುತ್ತ 2.2 ಮೀಟರ್ ದೂರದವರೆಗೆ ಹೋಗಬಲ್ಲದು. ಹಗ್ಗ 2.2 ಮೀಟರ್ ಆದರೆ ಆ ದೂರ 0.9 ಮೀಟರ್. ಕೆರೆಯಲ್ಲಿ ಉಬ್ಬರ ಇಳಿತ ಇಲ್ಲ. ಆಳ ಅಳೆದು ಬಿಗಿಯಾಗಿಯೇ ಕಟ್ಟಬಹುದು.

ಆದರೆ ನಮ್ಮ ಕೆರೆಗಳ ತಳ ಸಮವಲ್ಲ. ಏರಿಯ ಕಡೆ, ತೂಬಿನ ಹತ್ತಿರ ಆಳ. ಹಿಂದಕ್ಕೆ ಹೋದಂತೆ ಹೂಳು ತುಂಬಿ ತೆಳು. ಗಾಳಿ ತಿರುಗಿ ಮಾರ್ಕ್ ಸರಿಸಬೇಕಾದಾಗಲೆಲ್ಲ ಅಳೆಯುತ್ತ ಕೂರಲಾಗದು. ಅದಕ್ಕೆ ಎದುರುಭಾರದ ಉಪಾಯ: ಲಂಗರಿನಿಂದ ಬಂದ ಹಗ್ಗವನ್ನು ರಿಂಗಿನಲ್ಲಿ ತೂರಿಸಿ, ಇನ್ನೊಂದು ತುದಿಗೆ ಮೂರು ಎಂ16 ನಟ್ ಕಟ್ಟಿ ಇಳಿಬಿಡಿ, ಸುಮಾರು 100 ಗ್ರಾಂ. ಆಳ ಎಷ್ಟಿದ್ದರೂ ಹಗ್ಗ ತಾನೇ ಬಿಗಿಯಾಗುತ್ತದೆ. ರಿಂಗ್ 70 ಸೆಂ.ಮೀ. ಕೆಳಗಿದ್ದು ಹಗ್ಗ 1.5 ಮೀಟರ್ ಇದ್ದರೆ ಸುಮಾರು 1.5ರಿಂದ 2.1 ಮೀಟರ್ ಆಳದವರೆಗೆ ನಡೆಯುತ್ತದೆ. ಅದಕ್ಕಿಂತ ತೆಳುವಾದಲ್ಲಿ ನಟ್‌ಗಳು ಹೂಳಿಗೆ ಕೂತು ಹಗ್ಗ ಸಡಿಲವಾಗುತ್ತದೆ. ಹೆಚ್ಚು ಆಳದ ಕೆರೆಗೆ ಲೆಕ್ಕ ಹೀಗೆ: ತೆಳುವಾದ ಜಾಗದಲ್ಲಿ ರಿಂಗಿನಿಂದ ತಳಕ್ಕೆ ಎಷ್ಟು ದೂರವೋ ಅದರ ಎರಡರಷ್ಟಕ್ಕಿಂತ ಹಗ್ಗ ಸ್ವಲ್ಪ ಕಡಿಮೆ ಇರಬೇಕು.

ಎದುರುಭಾರ ಹೆಚ್ಚಿಸಿದರೆ ಇನ್ನೂ ಬಿಗಿಯಾದೀತು ಅನ್ನಿಸುತ್ತದೆ. ಹಗ್ಗ ರಿಂಗಿನ ಎರಡೂ ಕಡೆಯಿಂದ ಎಳೆಯುವುದರಿಂದ ಗುರುತಿನ ಮೇಲೆ ಬೀಳುವ ಹೊರೆ ಆ ಭಾರದ ಎರಡರಷ್ಟು. 100 ಗ್ರಾಂ ನಟ್ ಫೋಮನ್ನು ಇನ್ನೂ 5 ಸೆಂ.ಮೀ. ಮುಳುಗಿಸುತ್ತದೆ, 200 ಗ್ರಾಂ ಹಾಕಿದರೆ 10. ಇತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಡುವಣ ಗಾಳಿಗೆ 100 ಗ್ರಾಂ ಸಾಲದು. ಗಾಳಿ ಗುರುತನ್ನು ನೂಕಿದಾಗ ನಟ್‌ಗಳು ರಿಂಗಿನವರೆಗೂ ಏರಿ, ಗುರುತು ಜಾಗ ಬಿಟ್ಟು ಹೋಗುತ್ತದೆ. ಅಂಥ ದಿನ ಎದುರುಭಾರ ಬಿಚ್ಚಿ, ಆಳ ಅಳೆದು, ಹಗ್ಗವನ್ನು ರಿಂಗಿಗೇ ಗಂಟು ಹಾಕುವುದು ಮೇಲು. ಪಾಚಿ ಹಿಡಿದ ಹಗ್ಗವೂ ರಿಂಗಿನಲ್ಲಿ ಜಾರುವುದಿಲ್ಲ, ಆಗಾಗ ತೊಳೆಯಬೇಕು.

ಲಂಗರು

ತೂಕವನ್ನು ದಡದಲ್ಲಿ ನೋಡಿದರೆ ಸಾಲದು, ನೀರಿನೊಳಗಿನ ಲೆಕ್ಕ ಬೇರೆ. 2.5 ಕೆ.ಜಿ. ಕಬ್ಬಿಣ ನೀರಿನಲ್ಲಿ ಸುಮಾರು 2.2 ಕೆ.ಜಿ. ತೂಗಿದರೆ ಅಷ್ಟೇ ಕಾಂಕ್ರೀಟ್ 1.45ಕ್ಕೆ ಇಳಿಯುತ್ತದೆ, ಇಟ್ಟಿಗೆ ಅದಕ್ಕೂ ಕಡಿಮೆ. ಇಟ್ಟಿಗೆಯ ಅಂಚು ಹಗ್ಗವನ್ನು ಕೊಯ್ಯುವುದು ಬೇರೆ. ಒಂದು ಲೀಟರ್ ಐಸ್‌ಕ್ರೀಮ್ ಡಬ್ಬಿಗೆ 1:2:3 ಸಿಮೆಂಟ್, ಮರಳು, ಸಣ್ಣ ಜಲ್ಲಿ ತುಂಬಿ, 8 ಮಿ.ಮೀ. ಕಂಬಿಯನ್ನು ಬಾಗಿಸಿ ಕೊಂಡಿಯಾಗಿ ನೆಟ್ಟು, ವಾರ ಕಾಲ ನೀರುಣಿಸಿದರೆ 2.3 ಕೆ.ಜಿ.ಯ ಲಂಗರು ಸಿದ್ಧ. ಮೇಲಕ್ಕೆ ಅಗಲವಾಗುವ ಡಬ್ಬಿಯ ಆಕಾರಕ್ಕೆ ಹೂಳಿನಿಂದ ಸಲೀಸಾಗಿ ಕಿತ್ತು ಬರುತ್ತದೆ. ಜಿಮ್‌ನ 2.5 ಕೆ.ಜಿ. ಪ್ಲೇಟ್ ಹೆಚ್ಚು ಹಿಡಿಯುತ್ತದೆ, ಆದರೆ ಮಟ್ಟಸವಾಗಿ ಹೂಳಿಗೆ ಅಂಟಿಕೊಂಡರೆ ನೇರ ಎಳೆತಕ್ಕೆ ಏಳುವುದಿಲ್ಲ. ನಡುವಿನ ತೂತಿನಿಂದ ಒಂದೇ ಅಂಚಿಗೆ ಹಗ್ಗ ಸುತ್ತಿ ಕಟ್ಟಿದರೆ ಅಂಚು ಮೊದಲು ಎದ್ದು ಪ್ಲೇಟ್ ಬಿಟ್ಟುಕೊಳ್ಳುತ್ತದೆ. ಕೊಕ್ಕೆ ಲಂಗರು ಮಾತ್ರ ಬೇಡ, ಮೀನುಗಾರರ ಬಲೆಗೆ ಸಿಕ್ಕರೆ ಅವರ ದುಡಿಮೆ ಹಾಳು.

ಬಾಟಲಿ ಮತ್ತು ಪೈಪಿನಲ್ಲಿ ಇನ್ನೊಂದು ಅಪಾಯ ಗಮನಿಸಬೇಕು. ಅವುಗಳ ತೇಲುಶಕ್ತಿ ಮಿಕ್ಕಿರುವುದು ಒಂದೂವರೆ ಕೆ.ಜಿ.ಗೂ ಹೆಚ್ಚು. ಬಿಗಿಯಾಗಿ ಕಟ್ಟಿ ರಾತ್ರಿಯೆಲ್ಲ ಬಿಟ್ಟು, ಮಳೆ ಬಂದು ನೀರು ಏರಿದರೆ ಕಾಂಕ್ರೀಟ್ ಲಂಗರನ್ನೇ ಎತ್ತಿಕೊಂಡು ತೇಲಿಹೋಗುತ್ತವೆ. ಫೋಮ್ ಕೋಲಿಗೆ ಆ ಶಕ್ತಿ ಇಲ್ಲ, ಅದು ಮುಳುಗಿ ಕಾಣದಾಗುತ್ತದೆ ಅಷ್ಟೇ. ಯಾವುದನ್ನೇ ಆದರೂ ಸಂಜೆಗೇ ತೆಗೆಯಿರಿ.

ಒಟ್ಟು ಜೋಡಣೆ ಹೀಗಿರಲಿ: ಆರಂಭದ ಗೆರೆಯ ಎರಡು ತುದಿಗೆ ಫೋಮ್ ಹಾಳೆ ಸುತ್ತಿದ ಪೈಪು, ಬಿಗಿ ಹಗ್ಗ, ಕಬ್ಬಿಣದ ಪ್ಲೇಟ್, ಗೆರೆ ಅಲುಗಬಾರದು. ತಿರುವುಗಳಿಗೆ ಫೋಮ್ ಕೋಲು, ಎದುರುಭಾರ, ಕಾಂಕ್ರೀಟ್. ತೆಪ್ಪದಲ್ಲಿ ಹೋಗಿ ಇಡುವುದಾದರೆ ಲಂಗರನ್ನು ಎಸೆಯಬೇಡಿ, ಎಸೆದ ರಭಸಕ್ಕೆ ತೆಪ್ಪ ಸುತ್ತಿ ಜಾಗ ತಪ್ಪುತ್ತದೆ; ಅಂಚಿನಿಂದ ಕೈಯಲ್ಲೇ ಇಳಿಸಿ, ತಳ ಮುಟ್ಟಿದ ಮೇಲೆ ಗುರುತನ್ನು ಬಿಡಿ. ತೆಗೆದ ಮೇಲೆ ಹಗ್ಗವನ್ನು ಕೋಲಿನ ಕೆಳಗಿನ ಪೈಪಿಗೇ ಸುತ್ತಿ, ಅದು ಎಷ್ಟು ಆಳದವರೆಗೆ ಸಾಕೆಂದು ಫೋಮಿನ ಮೇಲೆ ಬರೆದಿಟ್ಟರೆ ಮುಂದಿನ ಸಲ ಮತ್ತೆ ಲೆಕ್ಕ ಹಾಕಬೇಕಿಲ್ಲ.