ಗುಂಡಿ ಒತ್ತಿದರೆ ಮೊದಲು ಯಾವ ಬಣ್ಣ? ಒಂದು ಮಳೆಗಾಲ, ಮೂರು ಟಾರ್ಚು

ನಮ್ಮ ಮನೆಗೆ ನೀರು ಬರುವುದು ಬೆಟ್ಟದ ಮೇಲಿನ ಅಬ್ಬಿಯಿಂದ. ಮೋಟಾರಿಲ್ಲ, ಪೈಪ್ ಅಷ್ಟೇ. ಮಳೆಗಾಲದಲ್ಲಿ ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ. ಅದೂ ಸರಿಯಾಗಿ ರಾತ್ರಿ ಊಟದ ಹೊತ್ತಿಗೆ. ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಯಾರಾದರೊಬ್ಬರು ಮಳೆಗೆ ತಲೆ ಬೆನ್ನು ಮುಚ್ಚುವ ಕೊಪ್ಪೆ ಹಾಕಿಕೊಂಡು ಬೆಟ್ಟ ಹತ್ತಬೇಕು. ಮೊದಲು ಅಪ್ಪಯ್ಯ ಹೋಗುತ್ತಿದ್ದರು, ಈಗ ನನ್ನ ಪಾಳಿ. ಹಾಗಾಗಿ ಟಾರ್ಚು ನನ್ನ ಪಾಲಿಗೆ ಶೋಕಿಯ ಸಾಮಾನಲ್ಲ, ಕತ್ತಿ ಹಾರೆಯ ಸಾಲಿನದ್ದು.

ಹೋದ ವರ್ಷ ಮೇ ಕೊನೆಯಿಂದ ನವರಾತ್ರಿಯವರೆಗೆ ಮೂರು ಟಾರ್ಚು ಇಟ್ಟುಕೊಂಡು ಓಡಾಡಿದೆ. ಕಂಪನಿ ಹೆಸರು ಬೇಡ. ಮನೆಯಲ್ಲಿ ಕರೆಯುವ ಹೆಸರೇ ಇಲ್ಲೂ ಇರಲಿ.

ಒಂದು, ‘ನಾಲ್ಕು ಬಣ್ಣದ್ದು’. ಒಂದೇ ಎಎ ಸೆಲ್ ಸಾಕು, ಅಂದರೆ ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅದೇ. ಹೆಬ್ಬೆರಳಿಗಿಂತ ತುಸು ದಪ್ಪ. ಬಿಳಿ, ಕೆಂಪು, ಹಸಿರು, ನೀಲಿ, ನಾಲ್ಕಕ್ಕೂ ಬೇರೆ ಬೇರೆ ಎಲ್‌ಇಡಿ. 900 ರೂಪಾಯಿ ಚಿಲ್ಲರೆ ಕೊಟ್ಟೆ. ಎರಡು, ‘ಟೋಪಿಯದ್ದು’. ಎರಡು ಎಎ ಸೆಲ್, ಬೆಳಕು ಬಿಳಿ ಮಾತ್ರ. ಬಣ್ಣ ಬೇಕಾದರೆ ಮುಖಕ್ಕೆ ಪ್ಲಾಸ್ಟಿಕ್ ಟೋಪಿ ಸಿಕ್ಕಿಸಬೇಕು. 450 ರೂಪಾಯಿ. ಮೂರು, ‘ಚಾರ್ಜಿನದ್ದು’. ಒಳಗೆ 18650 ಅನ್ನುವ ಗಾತ್ರದ ಲಿಥಿಯಂ ಸೆಲ್, ಮೊಬೈಲ್ ಚಾರ್ಜರಿನಲ್ಲೇ ಚಾರ್ಜ್ ಆಗುತ್ತದೆ. ಬಣ್ಣ ಇಲ್ಲ. 1,400 ರೂಪಾಯಿ.

ನಾಲ್ಕು ಬಣ್ಣದ್ದನ್ನು ಮೊದಲ ದಿನ ಜಗುಲಿಯಲ್ಲಿ ಹಚ್ಚಿ ತೋರಿಸಿದೆ. ಅಪ್ಪಯ್ಯ ಕವಳ ಹಾಕುತ್ತಾ, “ಇದೆಂತಕ್ಕೋ ತಮಾ, ಆಟಕ್ಕೆ ಲೈಟಿಂಗ್ ಮಾಡ್ತ್ಯಾ?” ಅಂದರು. ಆಟ ಅಂದರೆ ಯಕ್ಷಗಾನ. ನ್ಯಾಯವಾದ ಪ್ರಶ್ನೆಯೇ. ನನ್ನ ಹತ್ತಿರವೂ ಆಗ ಸರಿಯಾದ ಉತ್ತರ ಇರಲಿಲ್ಲ.

ಬೆಳಕಿನ ಜೋರು ಮೊದಲು ಮುಗಿಸಿಬಿಡೋಣ. ಚಾರ್ಜಿನದ್ದರ ಮುಂದೆ ಉಳಿದೆರಡು ಏನೂ ಅಲ್ಲ. ಅಂಗಳದಲ್ಲಿ ನಿಂತು ಹಾಕಿದರೆ ತೋಟದ ಆಚೆಯ ದರೆ ಕಾಣುತ್ತದೆ, ಅಡಿಕೆ ಮರದ ತುದಿಯ ಗೊನೆ ಎಣಿಸಬಹುದು. ಆದರೆ ಅದೆಲ್ಲ ಮಳೆ ಇಲ್ಲದ ದಿನ. ಮಂಜು ಕವಿದಾಗ ಅದೇ ಬೆಳಕು ಹನಿಹನಿಗೂ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎದುರಿಗೆ ಹಾಲಿನ ಗೋಡೆ. ದೇವಿಮನೆ ಘಟ್ಟದಲ್ಲಿ ಮಂಜಿನ ಹೊತ್ತಿಗೆ ಗಾಡಿ ಓಡಿಸಿದವರಿಗೆ ಗೊತ್ತು, ಅಲ್ಲಿ ಯಾರೂ ಹೈ ಬೀಮ್ ಹಾಕುವುದಿಲ್ಲ. ಆಗ ಕಾಲ ಬುಡಕ್ಕೆ ಬೀಳುವ ಸಣ್ಣ ಬೆಳಕೇ ಒಳ್ಳೆಯದು.

ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ಐದು ದಿನ ಕರೆಂಟಿರಲಿಲ್ಲ. ಚಾರ್ಜಿನದ್ದು ಮೂರನೇ ರಾತ್ರಿ ಮಲಗಿತು. ನಾಲ್ಕನೇ ದಿನ ಪೇಟೆಗೆ ಹೋದಾಗ ಪರಿಚಯದ ಅಂಗಡಿಯಲ್ಲಿ ಮೊಬೈಲ್ ಜೊತೆಗೆ ಅದನ್ನೂ ಚಾರ್ಜಿಗೆ ಹಾಕಿ ಕೂತೆ. ನಾಲ್ಕು ಬಣ್ಣದ್ದಕ್ಕೆ ಆ ರಗಳೆ ಇಲ್ಲ. ಸೆಲ್ ಊರಿನ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ.

ಸಿಗುತ್ತದೆ ನಿಜ. ಆದರೆ ಸಿಗುವುದು ಯಾವ ಸೆಲ್ ಅನ್ನುವುದರಲ್ಲಿ ಇದೆ ಎಲ್ಲ. ಕಿರಾಣಿ ಅಂಗಡಿಯ ಅಗ್ಗದ ಸೆಲ್ ಸಾಮಾನ್ಯವಾಗಿ ಜಿಂಕ್-ಕಾರ್ಬನ್. ಗಡಿಯಾರ, ರಿಮೋಟ್‌ನಂಥ ಹನಿ ಹನಿ ಕರೆಂಟ್ ಕುಡಿಯುವ ಸಾಮಾನಿಗೆ ಅದು ಸರಿ. ಟಾರ್ಚು ಗಟಗಟ ಕುಡಿಯುತ್ತದೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಸೆಲ್ ಕೊಡುವುದು 1.5. ನಡುವೆ ಇರುವ ಸಣ್ಣ ಸರ್ಕ್ಯೂಟ್ ವೋಲ್ಟೇಜ್ ಏರಿಸುತ್ತದೆ. ವೋಲ್ಟೇಜ್ ದುಪ್ಪಟ್ಟು ಮಾಡಲು ಸೆಲ್‌ನಿಂದ ದುಪ್ಪಟ್ಟಿಗಿಂತ ಜಾಸ್ತಿ ಕರೆಂಟ್ ಎಳೆಯಲೇಬೇಕು. ಅಗ್ಗದ ಸೆಲ್ ಆ ಎಳೆತ ತಡೆಯುವುದಿಲ್ಲ. ಅಡುಗೆಮನೆಯ ಕಟ್ಟೆ ಮೇಲೆ ಇಟ್ಟು ನೋಡಿದೆ. ಬಿಳಿ ಜೋರು ಮೋಡ್‌ನಲ್ಲಿ ಕಿರಾಣಿ ಸೆಲ್ ಕಾಲು ಗಂಟೆಯಲ್ಲಿ ಮಂಕಾಯಿತು. ರೀಚಾರ್ಜ್ ಆಗುವ ನಿಕಲ್ ಸೆಲ್, 2000 ಎಂಎಎಚ್‌ನದ್ದು (ಸೆಲ್ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ ಅದು), ಒಂದೂವರೆ ಗಂಟೆ ದಾಟಿತು. ಅದರ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದೆ. ಕಡಿಮೆ ಅಂತ ಹೆದರಬೇಡಿ. ಭಾರ ಬಿದ್ದಾಗ ಗಟ್ಟಿ ನಿಲ್ಲುವುದು ಅದೇ.

ಕೆಂಪಿನ ಲೆಕ್ಕವೇ ಬೇರೆ. ಅದೇ ನಿಕಲ್ ಸೆಲ್ ತುಂಬಿಸಿ ಶನಿವಾರ ದೀಪ ಹಚ್ಚುವ ಹೊತ್ತಿಗೆ ಕೆಂಪು ಹಚ್ಚಿಟ್ಟೆ. ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದಾಗಲೂ ಉರಿಯುತ್ತಿತ್ತು. ಆಯಿ ಅದನ್ನು ಎರಡು ದಿನದಿಂದ ನೋಡಿ ನೋಡಿ, ಕೊನೆಗೆ ದೇವರ ಒಳಕ್ಕಾದರೂ ಇಡು, ನಂದಾದೀಪ ಆಗುತ್ತದೆ ಅಂದಳು. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು, ಕರೆಂಟೂ ಚೂರೇ ಚೂರು. ಅದಕ್ಕೇ ಅಷ್ಟು ಬಾಳಿಕೆ.

ಟೋಪಿಯದ್ದು ಸೋಲುವುದು ಇಲ್ಲೇ. ಕೆಂಪು ಟೋಪಿ ಸಿಕ್ಕಿಸಿದರೂ ಒಳಗೆ ಉರಿಯುವುದು ಪೂರ್ತಿ ಬಿಳಿ. ಬಿಳಿ ಎಲ್‌ಇಡಿ ಅಂದರೆ ನೀಲಿ ಚಿಪ್ಪಿನ ಮೇಲೆ ಹಳದಿ ಪುಡಿ ಬಳಿದದ್ದು. ಅದರ ಬೆಳಕಿನಲ್ಲಿ ಕೆಂಪಿನ ಪಾಲೇ ಕಡಿಮೆ. ಟೋಪಿ ಉಳಿದದ್ದನ್ನೆಲ್ಲ ತಡೆದು ಆ ಚೂರನ್ನು ಮಾತ್ರ ಹೊರಗೆ ಬಿಡುತ್ತದೆ. ಸೆಲ್ ಖರ್ಚು ಪೂರ್ತಿ, ಬೆಳಕು ಕಾಲುಭಾಗವೂ ಇಲ್ಲ. ಮೇಲಾಗಿ ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಕಿಸೆಯಿಂದ ಮೂರು ಟೋಪಿ ತೆಗೆದು ಯಾವುದು ಕೆಂಪು ಅಂತ ನೋಡುವುದು ಹೇಗೆ? ಬಿಳಿ ಹಾಕಿಯೇ ನೋಡಬೇಕು!

ಅದರ ಕತೆಯನ್ನು ನಾನೇ ಮುಗಿಸಿದೆ. ಆಗಸ್ಟ್‌ನಲ್ಲಿ ಗಾಜಿನ ಒಳಗೆ ಹಬೆ ಕಟ್ಟಿತು. ಒಣಗಲಿ ಅಂತ ಬಚ್ಚಲೊಲೆಯ ಬದಿಗೆ ಇಟ್ಟು ಮರೆತೆ. ಟಾರ್ಚು ಉಳಿಯಿತು. ಕೆಂಪು ಟೋಪಿ ಮಾತ್ರ ಒಣಗಿದ ಹಲಸಿನ ಹಪ್ಪಳದ ಹಾಗೆ ಸೊಟ್ಟಗಾಯಿತು.

ಇನ್ನು ಅಪ್ಪಯ್ಯನ ಪ್ರಶ್ನೆಗೆ ಬರುತ್ತೇನೆ. ಬಣ್ಣ ಯಾಕೆ?

ಕೆಂಪಿನಿಂದ ಶುರು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಸಲ ಬಿಳಿ ಬೆಳಕು ಬಿದ್ದರೆ ಅಷ್ಟೂ ಹೋಯಿತು, ಮತ್ತೆ ಮೊದಲಿನಿಂದ. ರಾತ್ರಿ ನೋಡುವ ಕಣ್ಣಿನ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಾಗಾಗಿ ಮಂದ ಕೆಂಪು ಬೆಳಕಿನಲ್ಲಿ ಕೆಲಸ ಮುಗಿಸಿ ಆರಿಸಿದರೂ ಅಂಗಳದ ಅಂಚು, ದಣಪೆಯ ಗಳ, ಬಾಳೆ ಮರದ ನೆರಳು ಎಲ್ಲ ಇದ್ದ ಹಾಗೇ ಕಾಣುತ್ತದೆ. ನಡುರಾತ್ರಿ ಕೊಟ್ಟಿಗೆಗೆ ಹೋದಾಗ ಇದರ ಬೆಲೆ ಗೊತ್ತಾಯಿತು. ಬಿಳಿ ಹಾಕಿದರೆ ಮಲಗಿದ ದನ ಎಲ್ಲ ಬೆಳಗಾಯಿತು ಅಂತ ಎದ್ದು ನಿಂತು ಅಂಬಾ ಅನ್ನುತ್ತವೆ. ಕೆಂಪಿಗೆ ಕಿವಿ ಅಲ್ಲಾಡಿಸಿ ಸುಮ್ನೆ ಮೆಲುಕು ಹಾಕುತ್ತವೆ.

ಹಾತೆಯ, ಅಂದರೆ ದೀಪಕ್ಕೆ ಮುತ್ತುವ ಹುಳದ ಕಾಟವೂ ಕಡಿಮೆ. ಮೊದಲ ಮಳೆ ಬಿದ್ದ ಸಂಜೆ ಜಗುಲಿಯಲ್ಲಿ ಬಿಳಿ ಹಚ್ಚಿದರೆ ಸಾರಿನ ಬಟ್ಟಲಲ್ಲೂ ರೆಕ್ಕೆ. ಕೆಂಪಿಗೆ ಅವು ಅಷ್ಟಾಗಿ ಬರುವುದಿಲ್ಲ. ಆದರೆ ಕೆಂಪು ಬೆಳಕಿನಲ್ಲಿ ಊಟ ಮಾಡುವುದು ಒಂಥರಾ. ಉಪ್ಪಿನಕಾಯಿಗೂ ಗೊಜ್ಜಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಬಣ್ಣದ ಈ ಆಟ ತೋಟದಲ್ಲಿ ಇನ್ನೂ ಮಜಾ. ಕೆಂಪು ಹಾಕಿ ನೆಲ ನೋಡಿದರೆ ಉದುರಿದ ಹಣ್ಣಡಿಕೆ ಹಾಲು ಬಳಿದ ಹಾಗೆ ಹೊಳೆಯುತ್ತದೆ, ಹಸಿ ಕಾಯಿ ಇದ್ದಿಲಿನ ಹಾಗೆ ಕಪ್ಪು. ಕಿತ್ತಳೆ ಬಣ್ಣ ಕೆಂಪನ್ನು ತಿರುಗಿ ಕೊಡುತ್ತದೆ, ಹಸಿರು ನುಂಗಿಕೊಳ್ಳುತ್ತದೆ. ಉದುರಡಿಕೆ ಹೆಕ್ಕಲು ರಾತ್ರಿ ಯಾರೂ ಹೋಗುವುದಿಲ್ಲ, ಅದು ಬೇರೆ ವಿಷಯ.

ಜೂನ್ ಕೊನೆಗೆ ಚಿಕ್ಕಪ್ಪನ ಮಗ ಸಿದ್ದಾಪುರ ಕಡೆ ಹಳ್ಳಕ್ಕೆ ಕಪ್ಪೆ ನೋಡಲು ಕರೆದುಕೊಂಡು ಹೋದ. ಅವನಿಗೆ ಕಪ್ಪೆ ಹುಚ್ಚು. ಅಲ್ಲಿಯ ಕತ್ತಲೆಕಾನು ಅನ್ನುವ ಕಾಡಿನ ಸುತ್ತ ಕುಂಬಾರ ಕಪ್ಪೆ ಅಂತ ಒಂದಿದೆ, 2014ರಲ್ಲಿ ಅದನ್ನು ಹೊಸ ಜಾತಿ ಎಂದು ಗುರುತಿಸಿದರು. ಗಂಡು ಕಪ್ಪೆ ಮುಂಗಾಲಲ್ಲಿ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದಂತೆ, ಅದಕ್ಕೇ ಆ ಹೆಸರು. ಅದನ್ನು ನೋಡುವ ಪುಣ್ಯ ನಮಗೆ ಬರಲಿಲ್ಲ. ಬೇರೆ ಕಪ್ಪೆಗಳು ಬೇಕಾದಷ್ಟು ಸಿಕ್ಕವು. ಚಾರ್ಜಿನದ್ದು ಹಾಕಿದ ಕೂಡಲೇ ಕೂಗು ನಿಂತು, ಪುಳಕ್ ಪುಳಕ್ ಅಂತ ಎಲ್ಲ ನೀರಿಗೆ. ಕೆಂಪು ಹಾಕಿ ಕೂತರೆ ಎರಡು ನಿಮಿಷಕ್ಕೆ ಮತ್ತೆ ಶುರು. ಒಂದು ಕಪ್ಪೆ ನನ್ನ ಕಾಲಿನ ಪಕ್ಕದ ಕಲ್ಲಿನ ಮೇಲೆ ಗಂಟಲು ಉಬ್ಬಿಸಿ ಕೂಗುತ್ತಲೇ ಇತ್ತು.

ಅಲ್ಲೇ ಕೆಂಪಿನ ದೋಷವೂ ಸಿಕ್ಕಿತು. ಮುಕ್ಕಾಲು ಗಂಟೆ ಕೂತು ಎದ್ದಾಗ ಪಾದದ ಹತ್ತಿರ ಏನೋ ತೇವ. ಕೆಂಪು ಬೆಳಕು ಹಿಡಿದು ನೋಡಿದೆ, ಏನೂ ಇಲ್ಲ. ನೀರಿರಬೇಕು ಅಂದುಕೊಂಡೆ. ಬಿಳಿ ಹಾಕಿದರೆ ಪಂಚೆಯ ಅಂಚು ಪೂರ್ತಿ ರಕ್ತ. ಉಂಬಳ, ಅಂದರೆ ಕಾಡಿನ ಜಿಗಣೆ, ಕುಡಿದು ಬಿದ್ದು ಹೋಗಿ ಯಾವ ಕಾಲವಾಗಿತ್ತೋ. ಕೆಂಪು ಬೆಳಕಿನಲ್ಲಿ ಬಿಳಿ ಬಟ್ಟೆಯೂ ಕೆಂಪು, ರಕ್ತವೂ ಕೆಂಪು. ಎರಡೂ ಒಂದೇ. ಹಸಿರಿಗೆ ತಿರುಗಿಸಿದರೆ ಅದೇ ಕಲೆ ಮಸಿ ಚೆಲ್ಲಿದ ಹಾಗೆ ಕಪ್ಪಗೆ ಕಂಡಿತು. ಆ ದಿನದಿಂದ ಉಂಬಳ ಹುಡುಕಲು ನನಗೆ ಹಸಿರು.

ಇದೇ ಕಾರಣಕ್ಕೆ ಕೆಂಪು ಹಾಕಿಕೊಂಡು ನಡೆಯಬೇಡಿ. ತರಗೆಲೆಯ ಕಂದು, ಮಣ್ಣಿನ ಕಂದು, ಕೊಳಕುಮಂಡಲದ ಕಂದು, ಎಲ್ಲ ಅದರಲ್ಲಿ ಕಲಸಿಹೋಗುತ್ತವೆ. ನಿಂತಾಗ, ಕೂತಾಗ ಕೆಂಪು. ಕಾಲು ಎತ್ತಿದರೆ ಬಿಳಿ, ಸಣ್ಣದಾದರೂ ಸರಿ. ಇದನ್ನು ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಹೇಳಿದ್ದೇನೆ.

ಹಸಿರು ಕಡಿಮೆ ಖರ್ಚಿನಲ್ಲಿ ಜಾಸ್ತಿ ಬೆಳಕು ಅನ್ನಿಸುತ್ತದೆ. ನಮ್ಮ ಕಣ್ಣು ಹಗಲು ಬೆಳಕಿನಲ್ಲಿ ಅತಿ ಚುರುಕಾಗಿರುವುದು 555 ನ್ಯಾನೊಮೀಟರ್ ತರಂಗಾಂತರದ ಹತ್ತಿರ, ಅದು ಹಸಿರೇ. ಆದರೆ ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಅದು ಕೆಂಪಿನ ಹಾಗೆ ಬಿಟ್ಟುಕೊಡುವುದಿಲ್ಲ, ಕೆಡಿಸುತ್ತದೆ. ನೀಲಿ? ಐದು ತಿಂಗಳಲ್ಲಿ ಒಂದು ಒಳ್ಳೆಯ ಕೆಲಸ ಸಿಗಲಿಲ್ಲ. ಅಕ್ಕನ ಮಗನಿಗೆ ಮಾತ್ರ ಅದೇ ಇಷ್ಟ.

ನಾಲ್ಕು ಬಣ್ಣದ್ದರ ದೊಡ್ಡ ತೊಂದರೆ ಹೊರಬಿದ್ದದ್ದು ಅವನಿಂದಲೇ. ಈ ಟಾರ್ಚಿಗೆ ನೆನಪಿನ ಶಕ್ತಿ ಇದೆ. ಕೊನೆಗೆ ಯಾವ ಬಣ್ಣದಲ್ಲಿ ಆರಿಸಿದ್ದೀರೋ ಮುಂದಿನ ಸಲ ಅದರಲ್ಲೇ ಹತ್ತುತ್ತದೆ. ಅವನು ಮಧ್ಯಾಹ್ನ ನೀಲಿಯಲ್ಲಿ ಆಡಿ ಇಟ್ಟಿದ್ದ. ರಾತ್ರಿ ಎರಡಕ್ಕೆ ಕೊಟ್ಟಿಗೆಯಲ್ಲಿ ಏನೋ ಸದ್ದು. ಎದ್ದು ಓಡಿದೆ, ಗುಂಡಿ ಒತ್ತಿದೆ. ನೀಲಿ! ಕರುವಿನ ಕಣ್ಣು ಎರಡು ನೀಲಿ ಕೆಂಡದ ಹಾಗೆ ಕಂಡು ನಾನೇ ಎರಡು ಹೆಜ್ಜೆ ಹಿಂದೆ ಬಂದೆ. ಬಿಳಿಗೆ ಬರಲು ಗುಂಡಿ ಒತ್ತಿ ಹಿಡಿದು ಬಿಡಬೇಕು, ಅದೂ ಎರಡು ಸಲ. ನಿದ್ದೆಗಣ್ಣಲ್ಲಿ ಆ ಲೆಕ್ಕ ಯಾರಿಗೆ ಬರುತ್ತದೆ? ಸದ್ದು ಮಾಡಿದ್ದು ಕಬ್ಬೆಕ್ಕಂತೆ, ಆಮೇಲೆ ಗೊತ್ತಾಯಿತು.

ಹಾಗಾಗಿ ಬಣ್ಣದ ಟಾರ್ಚು ಕೊಳ್ಳುವವರು ಲ್ಯೂಮೆನ್ (ಬೆಳಕಿನ ಜೋರಿನ ಅಳತೆ) ಎಷ್ಟು ಅಂತ ಕೇಳುವ ಮೊದಲು, ಗುಂಡಿ ಒತ್ತಿದಾಗ ಮೊದಲು ಏನು ಹತ್ತುತ್ತದೆ ಅಂತ ನೋಡಿ. ಮಂದ ಕೆಂಪಿನಿಂದ ಶುರುವಾಗಿ, ಇನ್ನೊಂದು ಒತ್ತಿಗೆ ಬಿಳಿ ಬಂದರೆ ಅಂಥದ್ದಕ್ಕೆ ನೂರು ರೂಪಾಯಿ ಜಾಸ್ತಿ ಕೊಡಬಹುದು. ನಾನು ಈಗ ಪ್ರತಿ ಸಲ ಕೆಂಪಿಗೆ ತಂದೇ ಆರಿಸುತ್ತೇನೆ, ಗೂಟಕ್ಕೆ ಎತ್ತರದಲ್ಲಿ ಸಿಕ್ಕಿಸುತ್ತೇನೆ. ಅಕ್ಕನ ಮಗನಿಗೆ ಟೋಪಿಯದ್ದನ್ನೇ ಕೊಟ್ಟುಬಿಟ್ಟೆ, ನೀಲಿ ಟೋಪಿ ಸಮೇತ.

ಎರಡು ಎಚ್ಚರಿಕೆ. ಎಎ ಗಾತ್ರದಲ್ಲೇ 14500 ಅಂತ ಲಿಥಿಯಂ ಸೆಲ್ ಬರುತ್ತದೆ. ನೋಡಲು ಒಂದೇ, ಆದರೆ 3.7 ವೋಲ್ಟ್. ಟಾರ್ಚಿನ ಮೇಲೆ ಅದಕ್ಕೆ ಒಪ್ಪಿಗೆ ಬರೆದಿರದಿದ್ದರೆ ಹಾಕಬೇಡಿ, ಒಳಗಿನ ಸರ್ಕ್ಯೂಟ್ ಸುಟ್ಟೀತು. ಮತ್ತೆ, ಆಲ್ಕಲೈನ್ ಅನ್ನುವ ಇನ್ನೊಂದು ಬಗೆಯ ಸೆಲ್ಲನ್ನು ಒಳಗೇ ಬಿಟ್ಟು ತಿಂಗಳುಗಟ್ಟಲೆ ಮರೆತರೆ ಸೋರಿ ಬಿಳಿ ಹುಡಿ ಕಟ್ಟುತ್ತದೆ. ನಿಂಬೆರಸ ಮುಟ್ಟಿಸಿದ ಹತ್ತಿಯಲ್ಲಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಎಷ್ಟೋ ಸಲ ಬದುಕುತ್ತದೆ. ಆ ಹುಡಿ ಕಣ್ಣಿಗೆ ತಾಗಬಾರದು.

ಚಾರ್ಜಿನದ್ದನ್ನು ಮಾರುವುದಿಲ್ಲ. ಹಂದಿ ತೋಟಕ್ಕೆ ನುಗ್ಗಿದ ರಾತ್ರಿ ಅಂಗಳದಿಂದಲೇ ಹೆದರಿಸಲು ಅದೇ ಬೇಕು. ಆದರೆ ಕೊಪ್ಪೆಯ ಒಳಗೆ, ಕಿಸೆಯಲ್ಲಿ ಹೋಗುವುದು ನಾಲ್ಕು ಬಣ್ಣದ್ದು.

ಮೊನ್ನೆ ಮತ್ತೆ ಅಬ್ಬಿ ನೀರು ನಿಂತಿತು. ನಿಕಲ್ ಸೆಲ್ ಖಾಲಿ, ಕರೆಂಟಿಲ್ಲ, ಅಂಗಡಿ ಬಾಗಿಲು ಹಾಕಿದೆ. ಜಗುಲಿಯ ಗಡಿಯಾರದ ಸೆಲ್ ಬಿಚ್ಚಿ ಹಾಕಿದೆ. ಬಿಳಿ ಮಿಣಿಮಿಣಿ ಅಂದು ಆರಿತು. ಕೆಂಪು ಮಾತ್ರ ಗಟ್ಟಿಯಾಗಿ ಹತ್ತಿತು. ದಾರಿಗೆ ಚಾರ್ಜಿನದ್ದು ಹಿಡಿದೆ, ಪೈಪಿನ ಬಾಯಿಯ ಕೆಲಸಕ್ಕೆ ಕೆಂಪನ್ನು ಹಲ್ಲಲ್ಲಿ ಕಚ್ಚಿಕೊಂಡೆ. ನೀರು ಬಂತು. ಗಡಿಯಾರ ಇನ್ನೂ ಎಂಟೂ ಇಪ್ಪತ್ತಕ್ಕೇ ನಿಂತಿದೆ. ಸೆಲ್ ವಾಪಸ್ ಹಾಕು ಅಂತ ಆಯಿ ದಿನಾ ಹೇಳುತ್ತಾಳೆ.