ಅಂಗೈ ಬೆವರಿಗೆ ಆಪರೇಷನ್ನಾ, ಬೊಟಾಕ್ಸಾ, ನೀರು-ಕರೆಂಟಾ?

ಬರೆಯುವಾಗ ಹಾಳೆಯೇ ನೆನೆಯುವಷ್ಟು ಅಂಗೈ ಬೆವರುವವರಿಗೆ ಇಟಿಎಸ್ ಆಪರೇಷನ್ ತಕ್ಷಣ ಫಲ ಕೊಡುತ್ತದೆ. ಎದೆಯೊಳಗೆ ಕ್ಯಾಮೆರಾ ಇಳಿಸಿ, ಬೆವರಿನ ನರ ಕತ್ತರಿಸುತ್ತಾರೆ ಇಲ್ಲವೇ ಅದಕ್ಕೆ ಕ್ಲಿಪ್ ಹಾಕುತ್ತಾರೆ. ಕೈ ಒಣಗುತ್ತದೆ. ಆದರೆ ಬೆನ್ನು, ಹೊಟ್ಟೆ, ತೊಡೆ ಜಾಸ್ತಿ ಬೆವರಬಹುದು. ಇದು ಅಪರೂಪವಲ್ಲ, ತುಂಬಾ ಜನರಿಗೆ ಆಗುತ್ತದೆ. ಕೆಲವರಿಗೆ ಹಗಲಲ್ಲೇ ಅಂಗಿ ಬದಲಿಸುವಷ್ಟು! ಕತ್ತರಿಸಿದ ನರ ಮೊದಲಿನಂತಾಗುವುದು ಕಷ್ಟ. ಕ್ಲಿಪ್ ತೆಗೆದರೂ ಸರಿಹೋಗುವ ಖಾತ್ರಿ ಇಲ್ಲ. ಶ್ವಾಸಕೋಶದ ಸುತ್ತ ಗಾಳಿ ಸೇರುವುದು, ಕಣ್ಣಿನ ರೆಪ್ಪೆ ಜೋತುಬೀಳುವುದು ಅಪರೂಪ, ಆದರೂ ಗೊತ್ತಿರಬೇಕು ಅಲ್ವಾ?

ಬೆವರು ತಡೆಯುವ ಇಂಜೆಕ್ಷನ್ ಬೊಟಾಕ್ಸ್ ಚುಚ್ಚಿದರೆ ಅಂಗೈ ನೋಯುತ್ತದೆ. ಕೆಲವು ವಾರ ಹಿಡಿತ ಸಡಿಲವಾಗಬಹುದು. ವೀಣೆ ನುಡಿಸುವವರು, ಹೊಲಿಗೆ ಮಾಡುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಿ. ಸಮಾಧಾನವೆಂದರೆ, ಕೆಲವು ತಿಂಗಳಲ್ಲಿ ಔಷಧದ ಪ್ರಭಾವ ಇಳಿಯುತ್ತದೆ.

ನೀರಿನಲ್ಲಿ ಕೈಯಿಟ್ಟು ಸಣ್ಣ ಕರೆಂಟ್ ಹಾಯಿಸುವ ಅಯಾಂಟೋಫೊರೆಸಿಸ್‌ನಲ್ಲಿ ಹೆಚ್ಚಾಗಿ ಚುರುಚುರು, ಒಣಚರ್ಮ ಅಷ್ಟೇ. ಪದೇ ಪದೇ ಮಾಡಿಸಬೇಕು. ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರಿಗೆ ಬೇಡ.

ಇವೆರಡನ್ನೂ ಸರಿಯಾಗಿ ಪ್ರಯತ್ನಿಸದೆ ಇಟಿಎಸ್‌ಗೆ ಒಪ್ಪಬೇಡಿ ಅನ್ನುವುದೇ ನನ್ನ ಸಲಹೆ. ಬೆವರುವುದು ಕಂಕುಳಷ್ಟೇ ಆದರಂತೂ ಎದೆಯವರೆಗೆ ಯಾಕೆ ಹೋಗಬೇಕು? ಅಲ್ಲಿನ ಬೆವರು ಗ್ರಂಥಿಗಳನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಕಲೆ ಉಳಿಯಬಹುದು, ಆ ಜಾಗ ಸ್ವಲ್ಪ ಮರಗಟ್ಟಬಹುದು.