ಹೆರಿಗೆಯಲ್ಲಿ ಮಗುವಿಗೆ ಪೆಟ್ಟಾದಾಗ ನಾವು ಹೋದ ಲಾಯರ್ ಆಫೀಸು

ವೈದ್ಯಕೀಯ ನಿರ್ಲಕ್ಷ್ಯದ ಕೇಸುಗಳನ್ನು ಮಾತ್ರ ನೋಡುವ ಒಂದು ಚಿಕ್ಕ ಆಫೀಸಿಗೆ ನಾವು ಹೋಗಲು ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ಕೇಸ್ ಇನ್ನೂ ನಡೆಯುತ್ತಿದೆ. ಅದಕ್ಕೇ ಅವರ ಹೆಸರನ್ನಾಗಲಿ, ಆಸ್ಪತ್ರೆಯ ಹೆಸರನ್ನಾಗಲಿ ಹಾಕುತ್ತಿಲ್ಲ. ಆದರೆ ಒಳ್ಳೆಯ ಲಾಯರ್ ಹೇಗೆ ಕೆಲಸ ಮಾಡುತ್ತಾರೆ ಅಂತ ಗೊತ್ತಾದರೆ ಇನ್ನೊಬ್ಬ ತಾಯಿಗೆ ಉಪಯೋಗ ಆಗುತ್ತೆ ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ಮಗನ ತಲೆ ಹೊರಗೆ ಬಂತು, ಭುಜ ನನ್ನ ಸೊಂಟದ ಮುಂದಿನ ಮೂಳೆಯ ಹಿಂದೆ ಸಿಕ್ಕಿಕೊಂಡಿತು. ಇದಕ್ಕೆ ಶೋಲ್ಡರ್ ಡಿಸ್ಟೋಸಿಯಾ ಅನ್ನುತ್ತಾರೆ. ಹುಟ್ಟಿದಾಗ ಅವನ ಬಲಗೈ ಜೋತು ಬಿದ್ದಿತ್ತು. ಒಳಕ್ಕೆ ತಿರುಗಿಕೊಂಡಿತ್ತು, ಮಣಿಕಟ್ಟು ಮಡಿಚಿತ್ತು. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳಿಗೆ ಪೆಟ್ಟಾಗಿತ್ತು. ಎರ್ಬ್ಸ್ ಪಾಲ್ಸಿ. "ತಾನಾಗೇ ಸರಿಹೋಗುತ್ತೆ" ಅಂದರು. ಜಾಸ್ತಿ ಮಕ್ಕಳಿಗೆ ಸರಿಹೋಗುವುದೂ ನಿಜ. ಇವನು ಮೂರು ತಿಂಗಳಾದರೂ ಮೊಣಕೈ ಮಡಿಚಲಿಲ್ಲ. ಆರನೇ ತಿಂಗಳಲ್ಲಿ ನರದ ಆಪರೇಷನ್ ಆಯಿತು.

ಮೊದಲ ದಿನವೇ ಲಾಯರ್ ಹೇಳಿದ್ದು, "ಪೆಟ್ಟಾಗಿದೆ ಅಂದ ಮಾತ್ರಕ್ಕೆ ಕೇಸ್ ಆಗಲ್ಲಮ್ಮ." ಮಾಡಬೇಕಾದ್ದನ್ನು ಮಾಡಲಿಲ್ಲ ಅಂತ ತೋರಿಸಬೇಕು. ಅದರಿಂದಲೇ ಕೈ ಹೀಗಾಯಿತು ಅಂತಲೂ ಬೇರೆಯಾಗಿ ತೋರಿಸಬೇಕು. ಎಲ್ಲ ಸರಿಯಾಗಿ ಮಾಡಿದರೂ ಕೆಲವೊಮ್ಮೆ ನರಕ್ಕೆ ಪೆಟ್ಟಾಗುತ್ತದಂತೆ. ಕೇಳಿ ನನಗೆ ಸಿಟ್ಟು ಬಂತು. ಇದಕ್ಕೂ ಮೊದಲು ನೋಡಿದ್ದ ಇನ್ನೊಬ್ಬ ಲಾಯರ್ ಒಂದು ಕಾಗದವನ್ನೂ ನೋಡದೆ "ಗೆದ್ದೇ ಗೆಲ್ಲುತ್ತೇವೆ" ಅಂದಿದ್ದರು. ಇವತ್ತು ನಾನು ನಂಬುವುದು ಸಿಟ್ಟು ತರಿಸಿದವರನ್ನೇ.

ಆ ಆಫೀಸಿನಲ್ಲಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ್ದ ಒಬ್ಬ ನರ್ಸ್ ಇದ್ದಾರೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ ಸಾಲದು, ಪೂರ್ತಿ ಕೇಸ್ ಶೀಟ್ ತರಿಸಿಕೊಳ್ಳಿ ಅಂದವರು ಅವರೇ. ಮಗುವಿನ ಎದೆಬಡಿತದ ಸಿಟಿಜಿ ಪಟ್ಟಿಯೂ ಸೇರಿ. ಅದು ಬಂದ ಮೇಲೆ ಕೇಳಿದರು, "ಯಾವ ಭುಜ ಮೇಲಿತ್ತು?" ಮೂಳೆಗೆ ಸಿಕ್ಕುವುದು ಸಾಮಾನ್ಯವಾಗಿ ಮೇಲಿನ ಭುಜ, ತಲೆ ಹಿಡಿದು ಎಳೆದರೆ ಜಗ್ಗುವುದೂ ಆ ಕಡೆಯ ನರವೇ. ಪೆಟ್ಟಾಗಿದ್ದು ಕೆಳಗಿನ ಭುಜದ ಕೈಗಾದರೆ, "ನಾವು ಎಳೆದದ್ದಕ್ಕೆ ಆಗಿದ್ದಲ್ಲ" ಅಂತ ಎದುರಿನವರು ವಾದಿಸುತ್ತಾರೆ. ನಮ್ಮ ಕೇಸ್ ಶೀಟಿನಲ್ಲಿ ಡಾಕ್ಟರ್ ಬರೆದ ಪುಟದಲ್ಲಿ ಎಡ ಅಂತಿತ್ತು, ಆಸ್ಪತ್ರೆಯ ನರ್ಸ್ ಬರೆದ ಪುಟದಲ್ಲಿ ಬಲ ಅಂತಿತ್ತು.

ತಲೆ ಬಂದದ್ದು 3:12ಕ್ಕೆ, ಮೈ ಬಂದದ್ದು 3:17ಕ್ಕೆ. ನಡುವೆ ಅರ್ಧ ಸಾಲು ಬರಹ. ಆಫೀಸಿನ ನರ್ಸ್ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಈ ಐದು ನಿಮಿಷದಲ್ಲಿ ಏನೇನು ಮಾಡಿದರು ಅನ್ನೋದೇ ನಮ್ಮ ಕೇಸು" ಅಂದರು. ಸಹಾಯಕ್ಕೆ ಜನ ಕರೆಯಬೇಕು, ತಾಯಿಯ ಮಂಡಿಗಳನ್ನು ಹೊಟ್ಟೆಯ ಕಡೆ ಮಡಿಚಬೇಕು, ಮುಂದಿನ ಮೂಳೆಯ ಸ್ವಲ್ಪ ಮೇಲೆ ಒತ್ತಬೇಕು. ಅದ್ಯಾವುದೂ ಬರೆದಿರಲಿಲ್ಲ. ನನ್ನ ಹೊಟ್ಟೆಯ ತುದಿಯಲ್ಲಿ, ಎದೆಯ ಕೆಳಗೇ, ಯಾರೋ ಜೋರಾಗಿ ಒತ್ತಿದ್ದು ನೆನಪಿದೆ ಅಂದೆ. ಅವರು ಪೆನ್ನು ನಿಲ್ಲಿಸಿ ತಲೆ ಎತ್ತಿದರು. ಭುಜ ಸಿಕ್ಕಿಕೊಂಡಾಗ ಅಲ್ಲಿ ಒತ್ತಬಾರದು, ಇನ್ನೂ ಬಿಗಿಯಾಗುತ್ತೆ. ನನ್ನ ಮಾತನ್ನು ಹೇಳಿದ ಹಾಗೇ ಬರೆದುಕೊಂಡರು. ನಮ್ಮವರಿಗೆ ಅವರ ನೆನಪನ್ನು ಬೇರೆಯಾಗಿ, ನನ್ನನ್ನು ಕೇಳದೆ ಬರೆಯಲು ಹೇಳಿದರು.

ಬೇಜಾರಾದ ವಿಷಯಗಳೂ ಇವೆ. ಜೂನಿಯರ್ ಎರಡು ಸಲ ಬದಲಾದರು. ಎರಡು ಸಲವೂ ಆ ರಾತ್ರಿಯ ಕತೆಯನ್ನು ನಾನು ಮೊದಲಿಂದ ಹೇಳಬೇಕಾಯಿತು, ಎರಡು ಸಲವೂ ಅತ್ತೆ. ತಜ್ಞ ವೈದ್ಯರ ವರದಿಗೆ ಏಳು ತಿಂಗಳು ಹಿಡಿಯಿತು. ನಾವಾಗಿ ಫೋನ್ ಮಾಡದಿದ್ದರೆ ಏನೂ ತಿಳಿಸುತ್ತಿರಲಿಲ್ಲ. ಇದಕ್ಕೇ ಐದಕ್ಕೆ ನಾಲ್ಕು ಸ್ಟಾರ್. ಫೀಸಿನ ವಿಷಯ ಮಾತ್ರ ಸ್ಪಷ್ಟ: ಸೋತರೆ ತಜ್ಞರ ಖರ್ಚು ಯಾರದ್ದು ಅಂತ ಮೊದಲೇ ಬರೆದು ಕೊಟ್ಟರು. ಕೇಸ್ ಹಾಕಲು ಕೊನೆಯ ದಿನವನ್ನು ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು. ನಿಮ್ಮ ಗಡುವು ಯಾವಾಗ ಮುಗಿಯುತ್ತೆ ಅಂತ ದಯವಿಟ್ಟು ಮೊದಲ ಭೇಟಿಯಲ್ಲೇ ಕೇಳಿ.

ಕಳೆದ ವಾರ ಮಗ ಬಲಗೈಯನ್ನು ತಾನಾಗಿಯೇ ಬಾಯಿಯವರೆಗೆ ತಂದ. ವಿಡಿಯೋ ಮಾಡಿದೆ, ಆಮೇಲೆ ಭಯ ಆಯಿತು. ಇದರಿಂದ ಕೇಸಿಗೆ ತೊಂದರೆ ಆಗುತ್ತಾ ಅಂತ ಆ ನರ್ಸಿಗೆ ಫೋನ್ ಮಾಡಿ ಕೇಳಿದೆ. "ಕಳಿಸಿ, ಫೈಲಿಗೆ ಹಾಕೋಣ" ಅಂದರು. "ಕೈ ಎಷ್ಟು ಬರುತ್ತೋ ಅಷ್ಟೂ ಬರಲಿ."